ಚಾವಡಿಯ ಕಂಪ್ಯೂಟರ್ ಮತ್ತು ನೀಲಾಂಬಿಕೆಯ ಶಾವಿಗೆ

ನಮ್ಮೂರಿನಲ್ಲಿ ಚಾವಡಿಯ ಕಂಪ್ಯೂಟರ್ ಪೂರ್ತಿ ಶುರುವಾಗುವವರೆಗೆ ಬೆಳಗಾಗುವುದಿಲ್ಲ. ಹೊಳೆಯಾಚೆಯ ಊರಿನಲ್ಲಿ ಹಾಗಲ್ಲ. ಅಲ್ಲಿ ಸೂರ್ಯ ತನ್ನ ಪಾಡಿಗೆ ತಾನು ಹುಟ್ಟುತ್ತಾನೆ, ಯಾರನ್ನೂ ಕಾಯುವುದಿಲ್ಲ. ನಮ್ಮ ಕಡೆ ಮಾತ್ರ ಚಂಪವ್ವ ಜಳಕ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಚಾವಡಿಯ ಬೀಗ ತೆಗೆದು ಗುಂಡಿ ಒತ್ತಬೇಕು. ಪರದೆಯ ಮೇಲಿನ ಆ ಸಣ್ಣ ಚಕ್ರ ತಿರುಗಿ ತಿರುಗಿ ನಿಂತಮೇಲೆಯೇ ಬೆಳಕು. ನಾನು ಸಣ್ಣವನಿದ್ದಾಗ ಅವಳು ಗುಂಡಿ ಒತ್ತಿ ಮನೆಗೆ ಬಂದು ಚಾ ಸೋಸುವಷ್ಟರಲ್ಲಿ ಕೋಳಿ ಕೂಗುತ್ತಿತ್ತು. ನನಗೆ ಮದುವೆಯ ವಯಸ್ಸು ಬಂದು, ಅದು ದಾಟಿಹೋಗುವ ಲಕ್ಷಣವೂ ಕಾಣಿಸುವ ಹೊತ್ತಿಗೆ, ಬೆಳಗಾಗುವುದು ಮಧ್ಯಾಹ್ನದ ಊಟದ ಹೊತ್ತಿಗೆ ಬಂದು ನಿಂತಿತ್ತು. ಸಂಜೆ ಮಾತ್ರ ಎರಡೂ ಊರಿಗೆ ಒಂದೇ. ಮುಳುಗುವುದಕ್ಕೆ ಸೂರ್ಯನಿಗೆ ಯಾರ ಅಪ್ಪಣೆಯೂ ಬೇಡ ನೋಡಿ!

ಇದಕ್ಕೆ ಕಾರಣ ನಮ್ಮ ಜನವೇ. ನಮ್ಮಲ್ಲಿ ಒಂದು ಪದ್ಧತಿಯಿದೆ. ಮನೆಯಲ್ಲಿ ಕೂಸು ಹುಟ್ಟಲಿ, ಮದುವೆಯಾಗಲಿ, ಹೊಸ ಅಂಗಡಿ ತೆರೆಯಲಿ, ಆ ಮನೆತನದ ಹೆಸರಿನಲ್ಲಿ ಚಾವಡಿಯ ಕಂಪ್ಯೂಟರಿಗೆ ಒಂದು ಪ್ರೋಗ್ರಾಂ ಸೇರಿಸಬೇಕು, ಅದು ದಿನಾ ಮುಂಜಾನೆ ತಾನಾಗಿಯೇ ಶುರುವಾಗಬೇಕು. ಕುಂಕುಮ ಹಚ್ಚಿ, ಸಕ್ಕರೆ ಹಂಚಿ ಸೇರಿಸುವುದು. ಒಬ್ಬರು ಮಗಳ ಮದುವೆಯ ಫೋಟೋ ಓಡಿಸುವುದನ್ನು ಸೇರಿಸಿದರೆ ಬೀಗರು ರಾಶಿಭವಿಷ್ಯ ಹೇಳುವುದನ್ನು ಸೇರಿಸಿದರು. ಒಬ್ಬರು ಕುಣಿಯುವ ಬೆಕ್ಕು ತಂದರು. ಎದುರು ಮನೆಯವರು ಸುಮ್ಮನಿರುತ್ತಾರೆಯೇ, ಕುಣಿಯುವ ನವಿಲು ತಂದರು. ವೈರಸ್ ಕಾಯುವ ಪ್ರೋಗ್ರಾಂಗಳೇ ಮೂರಿದ್ದವು, ಮೂರು ಮನೆತನದವು. ಅವು ಎದ್ದ ಕೂಡಲೇ ಒಂದನ್ನೊಂದು ಕಳ್ಳನೆಂದು ಹಿಡಿದು ಜಗಳಕ್ಕೆ ಬೀಳುತ್ತಿದ್ದವು. ತಮ್ಮದು ಆ ಸಾಲಿನಲ್ಲಿ ಇಲ್ಲದಿದ್ದರೆ ಊರಿಗೆಲ್ಲ ಬೆಳಕಾದರೂ ಆ ಮನೆಯವರ ಕಣ್ಣಿಗೆ ಕತ್ತಲೇ ಎಂಬುದು ನಮ್ಮ ನಂಬಿಕೆ. ಹಾಗಾಗಿ ಸೇರಿಸಿದವರುಂಟು, ತೆಗೆದವರಿಲ್ಲ.

ಜನ ಹೊಂದಿಕೊಂಡಿದ್ದರು. ಕತ್ತಲಲ್ಲೇ ರೊಟ್ಟಿ ಬಡಿಯುತ್ತಿದ್ದರು, ಎತ್ತಿನ ಕೊಂಬಿಗೆ ದೀಪ ಕಟ್ಟಿ ಹೊಲಕ್ಕೆ ಹೋಗುತ್ತಿದ್ದರು, ಮೆಣಸಿನಕಾಯಿ ಹಪ್ಪಳಗಳನ್ನು ಬುಟ್ಟಿಯಲ್ಲಿ ಹೊತ್ತು ಹೊಳೆ ದಾಟಿ ಆಚೆಯ ಬಿಸಿಲಿಗೆ ಹರವಿ ಬರುತ್ತಿದ್ದರು. ನನ್ನದು ಲಾಟೀನು ಅಂಗಡಿ. ಸುಳ್ಳು ಯಾಕೆ ಹೇಳಲಿ, ಆ ಕತ್ತಲೇ ನನಗೆ ಅನ್ನ ಹಾಕುತ್ತಿತ್ತು. "ಶಂಭುಲಿಂಗಗ ಬೆಳಗಾಗೂದ ಬ್ಯಾಡ, ಬೆಳಗಾದ್ರ ಅಂವಗ ಕತ್ತಲಿ" ಎಂದು ಊರವರು ಚೇಷ್ಟೆ ಮಾಡಿದರೆ ನಾನೂ ಹಲ್ಲು ಕಿರಿಯುತ್ತಿದ್ದೆ. ನೀಲಾಂಬಿಕೆಯನ್ನು ಕಾಣುವವರೆಗೆ.

ಅವಳು ಹೊಳೆಯಾಚೆಯವಳು. ಶಾವಿಗೆ ಮಾಡಿ ಮಾರುವುದು ಅವಳ ಕಸುಬು. ಅವತ್ತು ನಾನು ಅವ್ವನ ಸಂಡಿಗೆ ಬುಟ್ಟಿ ಹೊತ್ತು ದಂಡೆ ಹತ್ತಿದಾಗ ಅವಳು ಕೋಲಿನ ಮೇಲೆ ಹಸಿ ಶಾವಿಗೆಯನ್ನು ಎಳೆ ಎಳೆಯಾಗಿ ಹಾಕುತ್ತಿದ್ದಳು. ಕೈಯಲ್ಲಿ ಇನ್ನೂ ಉರಿಯುತ್ತಿದ್ದ ನನ್ನ ಲಾಟೀನು ನೋಡಿ, ನಗು ತಡೆಯಲಾಗದೆ ಕೇಳಿದಳು: "ಏನ್ರಿ, ನಿಮ್ಮೂರಾಗ ಬೆಳಗಾತೇನ್ರಿ?"

"ಆಗ್ತೈತಿ, ಆಗ್ತೈತಿ. ಚಂಪವ್ವ ಗುಂಡಿ ಒತ್ಯಾಳ" ಎಂದೆ ನಾನು, ಹೆಮ್ಮೆಯಿಂದ! ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಆಮೇಲೆ ನಮ್ಮ ಮನೆಯ ಸಂಡಿಗೆ ಒಣಗಿಯೇ ಒಣಗಿತು, ಒಣಗಿದ್ದನ್ನೇ ಮತ್ತೆ ಹೊತ್ತು ತಂದು ಒಣಗಿಸಿದೆ. ಕೊನೆಗೊಂದು ದಿನ ಎದೆ ಗಟ್ಟಿ ಮಾಡಿ ನನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಿಯೇಬಿಟ್ಟೆ.

ಅವಳು ನಾಚಲಿಲ್ಲ, ನೆಲ ನೋಡಲಿಲ್ಲ. "ನಿಮ್ಮನ್ನ ಒಲ್ಲೆ ಅನ್ನಾಕ ನನಗ ಕಾರಣ ಇಲ್ಲ. ನಿಮ್ಮೂರನ್ನ ಒಲ್ಲೆ. ಊಟದ ಹೊತ್ತಿಗೆ ಬೆಳಗಾಗೂ ಊರಾಗ ನಾ ಶ್ಯಾವಿಗಿ ಎಲ್ಲಿ ಒಣಗಿಸ್ಲಿ? ನಿಮ್ಮ ಲಾಟೀನದ ಮ್ಯಾಲ? ಕಸಬು ಬಿಟ್ಟು ಕುಂದ್ರೂದು ನನ್ನ ಕಡೆಯಿಂದ ಆಗಂಗಿಲ್ರಿ" ಎಂದಳು.

ಅವಳನ್ನು ಸಾಕಿದ ಚಿಗವ್ವ ಬಾಳವ್ವ ಅಲ್ಲೇ ಹಿಟ್ಟು ನಾದುತ್ತ ಕೂತಿದ್ದಳು. ಶಾವಿಗೆಯ ವಿಷಯದಲ್ಲಿ ಬಾಳವ್ವನ ಮಾತೇ ಕಡೆಯ ಮಾತು. ಒಂದು ಎಳೆ ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಮುರಿದು, ಆ ಸದ್ದಿನಿಂದಲೇ ಒಳಗೆ ಹಸಿಯಿದೆಯೋ ಒಣಗಿದೆಯೋ ಹೇಳುವವಳು. "ಕೈ ಸುಳ್ಳು ಹೇಳ್ತೈತಿ, ಕಿವಿ ಹೇಳಂಗಿಲ್ಲ" ಎನ್ನುವುದು ಅವಳ ಗಾದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ ಪಂಥ ಹಾಕಿದಳು: "ಬ್ಯಾರೆ ಕಡೆಯಿಂದಲೂ ಹುಡುಗೀನ್ನ ಕೇಳಾಕತ್ಯಾರಪಾ. ಅಮಾಸಿ ಕಳದ ಸೋಮವಾರ ನಾವ ನಿಮ್ಮ ಓಣಿಗೆ ಬಂದು ಹಸಿ ಶ್ಯಾವಿಗಿ ಹಾಕ್ತೇವಿ. ಅವತ್ತ ಹೊತ್ತು ಮುಳುಗೂದ್ರೊಳಗ ಅದು ಫಟ್ ಅಂತ ಮುರಿಬೇಕು. ಮುರೀತಂದ್ರ ಹುಡುಗಿ ನಿಮ್ಮಾಕಿ. ಇಲ್ಲಾಂದ್ರ ಅವರಿಗೆ ಹೂಂ ಅಂತೀನಿ, ನೀವು ಮತ್ತ ಈ ದಂಡಿಗೆ ಬರಬ್ಯಾಡ್ರಿ."

ನಾನು ಓಡಿದೆ. ಚಾವಡಿಗೆ ಹೋಗಿ ಕಂಪ್ಯೂಟರಿನ ದೂಳು ಒರೆಸಿದೆ, ಬೀಸಣಿಕೆಯಿಂದ ಗಾಳಿ ಹಾಕಿದೆ, ತೆಂಗಿನಕಾಯಿ ಒಡೆದೆ. ಚಕ್ರ ತಿರುಗುತ್ತಲೇ ಇತ್ತು. "ವಯಸ್ಸಾಗೈತಿ ಪಾಪ, ಬೈಬ್ಯಾಡ" ಎಂದಳು ಚಂಪವ್ವ. ಮರುದಿನ ನೀಲಾಂಬಿಕೆಯೇ ಬಂದಳು. ತನ್ನ ಗಿರಾಕಿಗಳ ಲೆಕ್ಕವನ್ನು ಅವಳು ಮನೆಯ ಕಂಪ್ಯೂಟರಿನಲ್ಲೇ ಇಟ್ಟವಳು. ಪಂಥ ಹಾಕಿದವರ ಕಡೆಯವರು ನೀವು, ನೀವೇ ಸಹಾಯಕ್ಕೆ ಬರುವುದೇ ಎಂದು ಕೇಳಿದ್ದಕ್ಕೆ, "ಪಂಥ ಚಿಗವ್ವಂದು, ನಂದಲ್ಲ" ಎಂದಳು. ಅಯ್ಯೋ, ಆ ಒಂದು ಮಾತಿಗೆ ನಾನು ಚಾವಡಿಯ ಕಂಬ ಹಿಡಿದುಕೊಂಡು ನಿಲ್ಲಬೇಕಾಯಿತು!

ಅವಳು ಕೀಲಿಮಣೆಯ ಮೂರು ಗುಂಡಿ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್ ತೆಗೆದು, ಮುಂಜಾನೆ ತಾವಾಗಿ ಏಳುವವುಗಳ ಪಟ್ಟಿ ಇರುವ ಸ್ಟಾರ್ಟಪ್ ಮುಟ್ಟಿದಳು. ಊರಿನ ಮನೆತನಗಳೆಲ್ಲ ಸಾಲುಗಟ್ಟಿ ಇಳಿದವು. ಇಳಿದವು, ಇಳಿದವು, ಮುಗಿಯಲೇ ಇಲ್ಲ. ಯಾವತ್ತೋ ಕೆಟ್ಟು ಗುಜರಿಗೆ ಹೋದ ಪ್ರಿಂಟರಿನ ಪ್ರೋಗ್ರಾಂ ಕೂಡ ದಿನಾ ಎದ್ದು ಆ ಪ್ರಿಂಟರನ್ನು ಹುಡುಕುತ್ತಿತ್ತು.

"ಇದಕ್ಕ ವಯಸ್ಸಾಗಿಲ್ಲ ಯವ್ವಾ, ಹೊರಿ ಆಗೈತಿ" ಎಂದಳು ಚಂಪವ್ವನಿಗೆ. "ಎಲ್ಲಾರೂ ಒಮ್ಮಿಗೇ ಒಂದ ಬಾಗಲದಾಗ ನುಗ್ಗಿದ್ರ ಯಾರು ಒಳಗ ಬರ್ತಾರ? ಬಂದ್ ಮಾಡ್ರಿ. ಬಂದ್ ಅಂದ್ರ ಅಳಿಸೂದಲ್ಲ. ಮುಂಜಾನೆ ತಾವಾಗೇ ಏಳೂದಿಲ್ಲ, ಅಷ್ಟ. ಬೇಕಾದಾಗ ಕರದ್ರ ಬರ್ತಾವ. ಆದ್ರ ಏನಂತ ಗೊತ್ತಿಲ್ಲದ್ದನ್ನ ಮಾತ್ರ ಮುಟ್ಟಬ್ಯಾಡ್ರಿ." ಕೊನೆಯ ಮಾತನ್ನು ನನ್ನ ಮುಖ ನೋಡಿಯೇ ಹೇಳಿದಳು. ನಾನು ತಲೆಯಾಡಿಸಿದೆ. ಅವಳ ಕಿವಿಯೋಲೆ ನೋಡುತ್ತಿದ್ದವನಿಗೆ ಏನು ಕೇಳಿಸಿತೋ ಶಿವನೇ ಬಲ್ಲ.

ಊರಿಗೆ ಈ ಸುದ್ದಿ ಬಿದ್ದದ್ದೇ ತಡ, ಚಾವಡಿಯ ಮುಂದೆ ಜಾತ್ರೆ. "ನಮ್ಮ ಬೆಕ್ಕು ಬಂದ್ ಮಾಡಿದ್ರ ನಮ್ಮ ಕಣ್ಣಿಗೆ ಕತ್ತಲಿ ಬಂದ್ರ?" "ಮೊದಲ ಅವರ ನವಿಲು ಬಂದ್ ಮಾಡ್ರಿ!" "ಅಲ್ಲಪಾ, ಲಾಟೀನ ಮಾರಾಂವ ಬೆಳಗು ತರ್ತಾನಂತ! ನಾಳೆ ಏನು ಉಣ್ತೀಯೋ?" ನನಗೆ ತಡೆಯಲಾಗಲಿಲ್ಲ. "ಶ್ಯಾವಿಗಿ ಉಣ್ತೀನಿ!" ಎಂದು ಕೂಗಿದೆ. ಎಲ್ಲರೂ ಗೊಳ್ಳೆಂದು ನಕ್ಕರು. ಆ ನಗೆಯ ಭರದಲ್ಲೇ ನಾನು ಮೌಸ್ ಹಿಡಿದು, ನಾನು ಹುಟ್ಟಿದಾಗ ನಮ್ಮಪ್ಪ ಸೇರಿಸಿದ್ದ ಉರಿಯುವ ಲಾಟೀನಿನ ಚಿತ್ರವನ್ನು ಎಲ್ಲರೆದುರಿಗೆ ಬಂದ್ ಮಾಡಿದೆ.

ಧೈರ್ಯ ತೋರಿಸಿದ್ದು ಹೌದು, ಆದರೆ ಮರುದಿನ ಕಣ್ಣು ಬಿಡುವುದಕ್ಕೆ ಪುಕ್ಕಲು. ಊಟದ ಹೊತ್ತಿಗೆ ಊರಿಗೆ ಬೆಳಗಾದಾಗ ಅವ್ವ ಹಾಸಿಗೆಯ ಪಕ್ಕ ನಿಂತು "ಕಣ್ಣ ತಗಿಯೋ" ಎನ್ನುತ್ತಿದ್ದಾಳೆ, ನಾನು ಬಿಗಿಯಾಗಿ ಮುಚ್ಚಿಕೊಂಡಿದ್ದೇನೆ. ಕೊನೆಗೆ ಅವಳೇ ಬೆರಳಿನಿಂದ ನನ್ನ ರೆಪ್ಪೆ ಎತ್ತಿದಳು. ಬೆಳಕು! ಕಿಟಕಿಯ ಸರಳು, ಅವ್ವನ ಮೂಗುತಿ, ಗೋಡೆಯ ಮೇಲಿನ ಹಲ್ಲಿ, ಎಲ್ಲ ಕಾಣುತ್ತಿತ್ತು. ನಾನು ಬರೀ ಚಡ್ಡಿಯಲ್ಲೇ ಓಣಿಗೆ ಓಡಿ, "ನನಗ ಕಾಣ್ತೈತಿ! ನನಗೂ ಬೆಳಗಾಗೈತಿ!" ಎಂದು ಕುಣಿದೆ.

ಅಷ್ಟಾದರೂ ಜನ ದ್ಯಾಮನಗೌಡರ ಮುಖ ನೋಡುತ್ತಿದ್ದರು. ಗೌಡರು ಊರಿಗೆ ಹಿರಿಯರು. ಸಾಲಿನಲ್ಲಿ ಎಲ್ಲಕ್ಕಿಂತ ಭಾರವಾದದ್ದು ಅವರದೇ: ಅವರ ತೀರಿಹೋದ ತಂದೆ ಊರ ಬಾವಿ ತೋಡಿಸುವಾಗ ಮಾಡಿದ ಭಾಷಣದ ವಿಡಿಯೋ. ಅದು ಬಂದ್ ಆಗದೆ ಉಳಿದವರು ಯಾರೂ ಕೈ ಹಚ್ಚುವಂತಿರಲಿಲ್ಲ. "ನಮ್ಮಪ್ಪನ ಮಾತಿನಿಂದ ಊರು ಏಳಬೇಕು. ನನ್ನ ಜೀವ ಇರೂತನಕ ಅದನ್ನ ಮುಟ್ಟಾಕ ಬಿಡಂಗಿಲ್ಲ" ಎಂದು ಗೌಡರು ಬಡಿಗೆ ಊರಿದರು.

ಚಂಪವ್ವ ಯಾರಿಗೂ ಅಂಜುವವಳಲ್ಲ. "ಗೌಡ್ರ, ಆ ಮಾತು ಊರಾಗ ಯಾರು ಕೇಳ್ಯಾರ ಹೇಳ್ರಿ? ಬೆಕ್ಕು, ನವಿಲು, ರಾಶಿಭವಿಷ್ಯ ಎಲ್ಲಾ ಒಮ್ಮೆಲೆ ಎದ್ದು ನಿಂತಾಗ ನಿಮ್ಮಪ್ಪಾರು 'ನನ್ನ ಊರಿನ ಬಂಧುಗಳೇ' ಅಂತಾರ, ಅಲ್ಲೇ ಸಿಕ್ಕೊಂತಾರ. ಬಾಯಿ ತಕ್ಕೊಂಡು ಹಂಗ ನಿಂತಿರ್ತಾರ ಪಾಪ. ದಿನಾ ನೋಡಾಕಿ ನಾನು, ನನ್ನ ಕರುಳ ಚುರ್ರ್ ಅಂತೈತಿ."

ಗೌಡರು ಬಡಿಗೆ ಎತ್ತಿಕೊಂಡು ಮನೆಗೆ ನಡೆದರು. ಊಟವಾದ ಮೇಲೆ ತಾವೇ ಚಾವಡಿಗೆ ಬಂದರು. ಚಂಪವ್ವ ಬೇರೆಲ್ಲವನ್ನೂ ಮುಚ್ಚಿ ಆ ಒಂದು ವಿಡಿಯೋ ಹಾಕಿದಳು. ಗೌಡರ ತಂದೆ, ರುಮಾಲು ಸುತ್ತಿದ ದೊಡ್ಡ ಮನುಷ್ಯ, ಎಲ್ಲೂ ಸಿಕ್ಕಿಕೊಳ್ಳದೆ ಗಂಟೆ ಬಾರಿಸಿದ ಹಾಗೆ ಮಾತಾಡಿದರು. ಬಾವಿ ತೋಡುತ್ತಿದ್ದವರನ್ನೆಲ್ಲ ಹೆಸರು ಹಿಡಿದು ಹೊಗಳಿದರು. ಕೊನೆಗೆ ನಕ್ಕು, "ನನ್ನ ಮಾತು ಕೇಳಕೊಂತ ಕುಂತ್ರ ನೀರು ಬರಂಗಿಲ್ಲ. ಇನ್ನ ಸಾಕು, ಏಳ್ರಿ, ಕೆಲಸಕ್ಕ ಹೋಗ್ರಿ" ಎಂದು ಮುಗಿಸಿದರು.

ಗೌಡರ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ಆ ಮಾತು ಕಡೆಯವರೆಗೆ ಕೇಳಿದ್ದು ಅವರಿಗೂ ಅದೇ ಮೊದಲು. "ಬಂದ್ ಮಾಡು ಶಂಭು" ಎಂದರು. "ದಿನಾ ಮಧ್ಯಾಹ್ನ ಬಂದು ನಾ ಇಲ್ಲೆ ಕುಂತು ಕೇಳ್ತೀನಿ."

ಆಮೇಲೆ ನೋಡಬೇಕಿತ್ತು ನೀವು! ಕಟ್ಟೆ ಒಡೆದ ಹಾಗೆ ಜನ. "ನಮ್ದೂ ಬಂದ್ ಮಾಡು!" "ನಮ್ದು ಮೊದಲ!" ಬೆಕ್ಕಿನವರೂ ನವಿಲಿನವರೂ ಮೊಣಕೈಯಿಂದ ತಿವಿದಾಡಿಕೊಂಡು ಮುಂದೆ ನುಗ್ಗಿದರು. ಮೂರು ಕಾವಲು ಪ್ರೋಗ್ರಾಂಗಳಲ್ಲಿ ಯಾವುದನ್ನು ಉಳಿಸುವುದೆಂದು ಆ ಮೂರು ಮನೆಯವರು ಚೀಟಿ ಎತ್ತಿದರು. ನಾನು ಬಂದ್, ಬಂದ್ ಎಂದು ಕೂಗುತ್ತ ಮೌಸ್ ಒತ್ತುತ್ತಿದ್ದೆ. ಮೈಯೆಲ್ಲ ಬೆವರು, ಗಂಟಲು ಬಿದ್ದುಹೋಗಿತ್ತು, ಆದರೆ ಏನು ಖುಷಿ! ಕೊನೆಗೆ ತಲೆಬುಡವಿಲ್ಲದ ನಾಲ್ಕಕ್ಷರದ ಒಂದು ಹೆಸರು ಉಳಿಯಿತು. "ಇದು ಯಾರ ಮನಿದು?" ಎಂದು ಕೂಗಿದೆ. ದಾರಿ ತಪ್ಪಿ ಬಂದ ದನ ಯಾರದೆಂದು ಕೂಗುವ ನಮ್ಮ ರೀತಿಯಲ್ಲೇ ಮೂರು ಸಲ ಕೂಗಿದೆ. ಯಾರೂ ನಮ್ಮದೆನ್ನಲಿಲ್ಲ. ಯಾವ ಮನೆಯದೂ ಅಲ್ಲದ್ದು ಆ ಸಾಲಿನಲ್ಲಿ ಇರಲು ಸಾಧ್ಯವೆಂದು ನಮ್ಮ ಊರಿನವರ ತಲೆಗೆ ಹೊಳೆಯುವುದೇ ಇಲ್ಲ. "ಯಾರದೂ ಅಲ್ಲಂದ್ರ ಬಂದ್!" ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಮರುದಿನವೇ ಆ ಸೋಮವಾರ. ಇಡೀ ಊರು ಚಾವಡಿಯ ಮುಂದೆ ನಿಂತಿತ್ತು. ಚಂಪವ್ವ ಗುಂಡಿ ಒತ್ತಿದಳು. ಬೆರಳು ಇನ್ನೂ ಎತ್ತಿರಲಿಲ್ಲ, ಬೆಳಗಾಯಿತು! ಹೊಳೆಯಾಚೆಯ ಊರಿಗೂ ನಮಗೂ ಕೂಡಿಯೇ ಬೆಳಗಾಯಿತು. ನಾನು ಹೋ ಎಂದು ಕೂಗಿದೆ. ಕೂಗು ಹೊರಡಲಿಲ್ಲ. ಬಾಯಿ ತೆರೆದಿದೆ, ಗಂಟಲು ನಡುಗುತ್ತಿದೆ, ಸದ್ದಿಲ್ಲ. ನನ್ನ ಕಿವಿ ಹೋಯಿತೆಂದು ಸುತ್ತ ನೋಡಿದರೆ ಎಲ್ಲರೂ ತಮ್ಮ ತಮ್ಮ ಕಿವಿಯೊಳಗೆ ಬೆರಳು ಹಾಕಿ ತಿರುವುತ್ತಿದ್ದರು. ಮಾಡಿನ ಮೇಲೆ ಕೋಳಿ ಕೊರಳು ಚಾಚಿ ಕೂಗುತ್ತಿತ್ತು, ಏನೂ ಕೇಳಿಸುತ್ತಿರಲಿಲ್ಲ. ಊರಿಗೆ ಊರೇ ಮೂಕವಾಗಿತ್ತು.

ನೀಲಾಂಬಿಕೆ ಮತ್ತು ಬಾಳವ್ವನ ಬಂಡಿ ಹೊಳೆ ದಾಟಿ ಬಂತು. ಗಾಲಿಯ ಸದ್ದಿಲ್ಲ, ಎತ್ತಿನ ಗಂಟೆಯ ಸದ್ದಿಲ್ಲ. ನೀಲಾಂಬಿಕೆ ಒಮ್ಮೆ ಆಕಾಶ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ಹಿಟ್ಟಿನ ಬೆರಳಿನಿಂದ ನನ್ನ ಅಂಗಡಿಯ ಬಾಗಿಲ ಮೇಲೆ ಬರೆದಳು: ಗೊತ್ತಿಲ್ಲದ್ದನ್ನ ಮುಟ್ಟೀರಿ, ಹೌದಲ್ಲ? ನಾನು ತಲೆ ತಗ್ಗಿಸಿದೆ. ಅವಳು ಮತ್ತೆ ಬರೆದಳು: ಅದು ಸದ್ದಿಂದು. ಮತ್ತ ಚಾಲೂ ಮಾಡಿ, ಕಂಪ್ಯೂಟರ್ ಒಮ್ಮೆ ಆರಿಸಿ ಎಬ್ಬಿಸಬೇಕು.

ಆರಿಸುವುದೆಂದರೆ ಬೆಳಕೂ ಹೋಗುವುದು. ಕೈಗೆ ಬಂದ ಬಿಸಿಲನ್ನು ಬಿಡಲು ಯಾರಿಗೂ ಮನಸ್ಸಾಗಲಿಲ್ಲ. ಮತ್ತೆ ಬರುತ್ತದೋ ಇಲ್ಲವೋ, ಯಾರು ಕಂಡವರು? ನಾನು ಕೈ ಮುಗಿದು ಬಿಸಿಲು ತೋರಿಸಿದೆ, ಶಾವಿಗೆ ತೋರಿಸಿದೆ. ಅವಳು ಸೆರಗು ಸಿಕ್ಕಿಸಿ ಕೆಲಸಕ್ಕೆ ನಿಂತಳು. ಓಣಿಯುದ್ದಕ್ಕೂ ಕೋಲು ಕಟ್ಟಿದೆವು, ಬೆಳ್ಳಗಿನ ಎಳೆಗಳು ಇಳಿಬಿದ್ದವು, ಬಿಸಿಲು ರಣರಣ ಸುರಿಯಿತು. ನಮ್ಮ ಓಣಿಯಲ್ಲಿ ಮುಂಜಾನೆಯ ಬಿಸಿಲನ್ನು ನನ್ನ ವಯಸ್ಸಿನವರು ಮರೆತೇಬಿಟ್ಟಿದ್ದರು. ಹೆಂಗಸರು ಹಾಸಿಗೆ ತಂದು ಹರವಿದರು. ಗೌಡರು ಯಾರನ್ನೋ ಬಾಯಿ ತುಂಬ ಬೈಯುತ್ತಿದ್ದರು, ಬೈಸಿಕೊಂಡವನು ನಗುತ್ತ ನಿಂತಿದ್ದ.

ನನಗೋ, ಯಾರಿಗೂ ಕೇಳಿಸುವುದಿಲ್ಲವೆಂದು ತಿಳಿದದ್ದೇ ಬಾಯಿಗೆ ಬೀಗವಿಲ್ಲದಂತಾಯಿತು. ಕೋಲು ತಿರುಗಿಸುತ್ತ, ನೊಣ ಓಡಿಸುತ್ತ, ಅವಳ ಪಕ್ಕದಲ್ಲೇ ನಿಂತು ದಿನವಿಡೀ ಮಾತಾಡಿದೆ. ಹಿಂದೆಂದೂ ಹೇಳಲಾಗದ್ದನ್ನೆಲ್ಲ ಹೇಳಿದೆ. ನೀವು ಎನ್ನುವುದು ಹೋಗಿ ನೀನು ಎಂದಾಗಿತ್ತು, ನೀಲಾ ಎಂದೂ ಆಗಿತ್ತು. ಅವಳು ಆಗಾಗ ತಿರುಗಿ ನೋಡಿ ಮತ್ತೆ ಕೆಲಸಕ್ಕೆ ಬಾಗುತ್ತಿದ್ದಳು.

ಹೊತ್ತು ಇಳಿಯಿತು. ಬಾಳವ್ವ ಎದ್ದು ಬಂದು ಒಂದು ಎಳೆ ತೆಗೆದು, ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಮುರಿದಳು. ಎಳೆ ಎರಡಾಯಿತು. ಅವಳು ತಲೆಯಲ್ಲಾಡಿಸಿದಳು. ಇನ್ನೊಂದು ಮುರಿದಳು, ಮತ್ತೆ ತಲೆಯಲ್ಲಾಡಿಸಿ ಕಿವಿ ತೋರಿಸಿದಳು. ಒಳಗೆ ಹಸಿಯೋ ಒಣಗಿದ್ದೋ, ಸದ್ದಿಲ್ಲದೆ ಅವಳು ಹೇಳಲಾರಳು. ನಾನು ಒಂದು ಎಳೆ ಅವಳ ಅಂಗೈಗಿಟ್ಟು ಮುಟ್ಟಿ ನೋಡಿರೆಂದು ಬೇಡಿಕೊಂಡೆ. ಅವಳು ನನ್ನ ಕೈ ತಳ್ಳಿದಳು. ಗುಡ್ಡಕ್ಕೂ ಸೂರ್ಯನಿಗೂ ಮಧ್ಯೆ ಒಂದು ಮೊಳ ಜಾಗ ಉಳಿದಿತ್ತು, ಹೊಳೆ ದಾಟಿ ಆಚೆ ಮುರಿಸುವಷ್ಟು ಹೊತ್ತಿರಲಿಲ್ಲ. ಆರಿಸಿ ಎಬ್ಬಿಸಿದರೆ ಸದ್ದು ಬರುತ್ತದೆ, ಆದರೆ ಚಕ್ರ ಮೊದಲಿನಂತೆ ತಿರುಗುತ್ತ ಕೂತರೆ? ಕತ್ತಲು ಕಳೆಯುವುದರೊಳಗೆ ಹೊತ್ತು ಮುಳುಗಿಹೋಗುತ್ತದೆ, ಅದರ ಜೊತೆ ನನ್ನ ಬಾಳೂ. ಚಾವಡಿಯ ಕಟ್ಟೆಯ ಮೇಲಿಂದ ಚಂಪವ್ವ ನನ್ನನ್ನೇ ನೋಡುತ್ತಿದ್ದಳು. ಆಗಿದ್ದಾಗಲಿ ಎಂದು ಕೈ ಎತ್ತಿದೆ. ಅವಳು ನಿರಿಗೆ ಎತ್ತಿ ಹಿಡಿದು, ಆ ನಾಲ್ಕಕ್ಷರದ್ದನ್ನು ಚಾಲೂ ಮಾಡಿ ಕಂಪ್ಯೂಟರ್ ಆರಿಸಲು ಒಳಗೆ ಓಡಿದಳು.

ಕತ್ತಲು ಕವಿಯಿತು. ಸದ್ದೂ ಇಲ್ಲ, ಬೆಳಕೂ ಇಲ್ಲ. ಯಾರದೋ ಭುಜ ನನ್ನ ಭುಜಕ್ಕೆ ತಾಗಿತು. ಹಸಿ ಹಿಟ್ಟಿನ ವಾಸನೆಯಿಂದ ನೀಲಾಂಬಿಕೆ ಎಂದು ತಿಳಿಯಿತು. ಇನ್ನು ತಡೆಯಲಾಗಲಿಲ್ಲ. ಎದೆಯಲ್ಲಿದ್ದ ಉಸಿರೆಲ್ಲ ಸೇರಿಸಿ ಕೂಗತೊಡಗಿದೆ, ಕೂಗಿದೆ, ಕೂಗುತ್ತಲೇ ಇದ್ದೆ. ಮುಂದೆ ಆದದ್ದನ್ನು ಹೇಗೆ ಹೇಳಲಿ! ಕಣ್ಣು ಮಿಟುಕಿಸುವಷ್ಟರಲ್ಲಿ ಬೆಳಕು ಭಗ್ಗೆಂದು ಬಂತು, ಗುಡ್ಡದ ಮೇಲೆ ಸೂರ್ಯ ಅಲ್ಲೇ ಇದ್ದ. ಬೆಳಕಿನ ಜೊತೆಗೇ ಸದ್ದು ಬಂತು. ಊರ ತುಂಬ ಮೊದಲು ಕೇಳಿಸಿದ್ದು ನನ್ನ ಗಂಟಲೇ.

"...ಒಣಗಲಿ ಬಿಡಲಿ, ನಿನ್ನ ಶ್ಯಾವಿಗಿ ಕೋಲ ಹೊತ್ಕೊಂಡು ನಿಮ್ಮೂರಾಗ ಬಿದ್ದಿರ್ತೀನಿ ನೀಲಾ! ಮನಿ ಅಳಿಯ ಅಂತ ಮಂದಿ ನಗಲಿ! ನೀ ಇಲ್ಲದ ಊರಾಗ ಬೆಳಗಾದ್ರೆಷ್ಟು, ಬಿಟ್ರೆಷ್ಟು!"

ನನ್ನ ಬಾಯಿ ತೆರೆದಂತೆಯೇ ನಿಂತಿತು. ಇಡೀ ಓಣಿ ನನ್ನನ್ನು ನೋಡುತ್ತಿತ್ತು. ಮೊದಲು ಗೌಡರು ನಕ್ಕರು, ಆಮೇಲೆ ಎಲ್ಲರೂ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ನನಗೆ.

"ಸುಮ್ಮ ಇರ್ರಿ ಎಲ್ಲಾರೂ!" ಎಂದು ಬಾಳವ್ವ ಗದರಿದಳು. ಕಣ್ಣು ಮುಚ್ಚಿದಳು. ಎಳೆಯನ್ನು ಕಿವಿಗೆ ಹಿಡಿದಳು.

ಫಟ್.

"ಒಣಗೈತಿ" ಎಂದಳು.

ಅಬ್ಬಾ, ಆಗ ಎದ್ದ ಗದ್ದಲ! ಶಿಳ್ಳೆ, ಕೇಕೆ, ಹಲಗೆ, ನಾಯಿ ಬೊಗಳುವುದು, ಅವ್ವ ಗೊಳೋ ಎಂದು ಅಳುವುದು, ಒಂದು ದಿನದ ಸದ್ದೆಲ್ಲ ಒಮ್ಮೆಲೇ ಬಂದಂತೆ. ನಾನು ಮಾತ್ರ ಹೆದರಿ ಹೆದರಿ ನೀಲಾಂಬಿಕೆಯ ಕಡೆ ತಿರುಗಿದೆ. ಕತ್ತಲಲ್ಲಿ ಕೂಗಿದ್ದಕ್ಕೆ ಕ್ಷಮಿಸಬೇಕು, ಯಾರಿಗೂ ಕೇಳಿಸುವುದಿಲ್ಲವೆಂದು ಏನೇನೋ ಅಂದುಬಿಟ್ಟೆ ಎಂದು ತೊದಲಿದೆ.

ಅವಳು ಕೋಲಿನಿಂದ ಶಾವಿಗೆ ಬಿಡಿಸುತ್ತ, ನನ್ನ ಕಡೆ ನೋಡದೆಯೇ ಹೇಳಿದಳು: "ಮುಂಜಾನಿಂದ ಅದನ್ನ ಹೇಳಾಕತ್ತೀರಿ. ತುಟಿ ನೋಡಿದ್ರ ತಿಳಿಯಂಗಿಲ್ಲೇನು?" ಆಮೇಲೆ ತಲೆಯೆತ್ತಿ ಇನ್ನೂ ಹೊಳೆಯುತ್ತಿದ್ದ ನಮ್ಮ ಓಣಿಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದಳು. "ಇಷ್ಟು ಛಲೋ ಬಿಸಲ ಬೀಳೂ ಊರು ಬಿಟ್ಟು ನೀವ್ಯಾಕ ಬರ್ತೀರಿ? ನಾನ ಬರ್ತೀನಿ."